‘ಅಂಕಲ್ ವಾನ್ಯಾ’ ತೆರೆಯ ಮೇಲೆ: ಕೇಳುತ್ತಿರುವವರನ್ನು ಯಾರು ತೋರಿಸಿದರು?

ರಷ್ಯಾದ ನಾಟಕಕಾರ ಚೆಕಾವ್‌ನ ನಾಟಕವನ್ನು ಸಿನಿಮಾ ಮಾಡಹೊರಟವರಿಗೆ ತೊಡಕು ಶುರುವಾಗುವುದು ಮಾತಾಡದೆ ಕೂತಿರುವ ಪಾತ್ರಗಳಿಂದ. ‘ಅಂಕಲ್ ವಾನ್ಯಾ’ದಲ್ಲಿ ವಾನ್ಯಾ ತನ್ನ ಸೋದರಿಯ ಮಗಳು ಸೋನ್ಯಾಳೊಂದಿಗೆ ಹಳ್ಳಿಯ ಜಮೀನು ನೋಡಿಕೊಂಡು, ಅವಳ ತಂದೆಯಾದ ಪ್ರೊಫೆಸರನಿಗಾಗಿ ದುಡಿದವನು. ಯೆಲೆನಾ ಆ ಪ್ರೊಫೆಸರನ ಎರಡನೇ ಹೆಂಡತಿ. ಅದರ ಮೂರನೇ ಅಂಕವನ್ನೇ ನೋಡಿ. ಡಾಕ್ಟರ್ ಆಸ್ತ್ರೋವ್ ತನ್ನ ಜಿಲ್ಲೆಯ ನಕ್ಷೆಗಳನ್ನು ಯೆಲೆನಾಳ ಮುಂದೆ ಹರಡುತ್ತಾನೆ. ಐವತ್ತು ವರ್ಷದ ಹಿಂದೆ ಇಲ್ಲೆಲ್ಲ ಕಾಡಿತ್ತು, ಕೆರೆಯಲ್ಲಿ ಹಂಸಗಳಿದ್ದವು, ಈಗ ಎಲ್ಲ ಬರಿದಾಗುತ್ತಿದೆ ಎಂದು ಮೈಮರೆತು ವಿವರಿಸುತ್ತಾನೆ. ಯೆಲೆನಾಳ ಗಮನ ಮಾತ್ರ ಬೇರೆಲ್ಲೋ ಇದೆ. ಸೋನ್ಯಾಳ ಮೇಲೆ ಇವನಿಗೆ ಮನಸ್ಸಿದೆಯೇ ಎಂದು ಹೇಗೆ ಕೇಳಲಿ ಎಂಬುದೇ ಅವಳ ಚಿಂತೆ. ರಂಗದ ಮೇಲಾದರೆ ಇಬ್ಬರೂ ಒಟ್ಟಿಗೆ ಕಾಣುತ್ತಾರೆ, ಯಾರನ್ನು ನೋಡಬೇಕೆಂಬುದು ನಮ್ಮ ಇಷ್ಟ. ತೆರೆಯ ಮೇಲೆ ಆ ಆಯ್ಕೆಯನ್ನು ಕ್ಯಾಮೆರಾ ಮಾಡಿಬಿಡುತ್ತದೆ. ನಾಟಕದ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು, ಅಂಕ ಮುಗಿದಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ, ನಾನು ಈ ನಾಟಕದಿಂದ ಹುಟ್ಟಿದ ಸಿನಿಮಾಗಳನ್ನು ನೋಡಿದ್ದು ಇದೊಂದನ್ನು ಗಮನಿಸಲಿಕ್ಕಾಗಿ.

ಆಂದ್ರೇ ಕೊಂಚಲೋವ್ಸ್ಕಿಯ 1970ರ ಸೋವಿಯತ್ ಚಿತ್ರ ಮನೆಯನ್ನೇ ಒಂದು ಪಾತ್ರವಾಗಿಸುತ್ತದೆ. ಕೋಣೆಯೊಳಗೆ ಕೋಣೆ, ಬಾಗಿಲ ಹಿಂದೆ ಬಾಗಿಲು, ಮಂದ ಬೆಳಕು, ಎಲ್ಲೆಡೆ ತುಂಬಿದ ಹಳೇ ಸಾಮಾನು. ಬಣ್ಣದ ಚಿತ್ರ ಇದ್ದಕ್ಕಿದ್ದಂತೆ ಬಣ್ಣ ಕಳೆದುಕೊಳ್ಳುತ್ತದೆ, ಮತ್ತೆ ಪಡೆಯುತ್ತದೆ. ಆರಂಭದಲ್ಲೇ ಝಾರ್ ಕಾಲದ ಫೋಟೋಗಳು ಸಾಲಾಗಿ ಬರುತ್ತವೆ, ಆಲ್ಫ್ರೆಡ್ ಶ್ನಿಟ್ಕೆಯ ಸಂಗೀತ ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ. ಹೀಗಾಗಿ ಆಸ್ತ್ರೋವ್ ಕಾಡಿನ ಬಗ್ಗೆ ಮಾತಾಡುವಾಗ ಹೊರಗೆ ಒಂದು ದೇಶವೇ ಸವೆಯುತ್ತಿದೆ ಅನ್ನಿಸುತ್ತದೆ. ಸೆರ್ಗೆಯ್ ಬೊಂದಾರ್ಚುಕ್‌ನ ಆಸ್ತ್ರೋವ್ ದಣಿದ, ಭಾರವಾದ ಮನುಷ್ಯ. ಸ್ಮೊಕ್ತುನೋವ್ಸ್ಕಿಯ ವಾನ್ಯಾ ರೇಗುವಾಗಲೂ ಅವನ ಮುಖದ ಮೇಲೆ ನಾಚಿಕೆ ಹಾದುಹೋಗುತ್ತದೆ. ಇಂಥ ವಾನ್ಯಾನನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಆದರೆ ಆ ವಾತಾವರಣ ಕೆಲವೊಮ್ಮೆ ನಟರನ್ನೇ ನುಂಗುತ್ತದೆ. ಚೆಕಾವ್‌ನ ನಗು ಇಲ್ಲಿ ಕಡಿಮೆ. ಪ್ರೊಫೆಸರನ ಮೇಲೆ ಗುಂಡು ಹಾರಿಸಿ ಗುರಿ ತಪ್ಪುವ ವಾನ್ಯಾನನ್ನು ಕಂಡರೆ ಅಳುವೂ ನಗುವೂ ಒಟ್ಟಿಗೆ ಬರಬೇಕು. ನನಗೆ ಅಳು ಮಾತ್ರ ಬಂತು.

ಲೂಯಿ ಮಾಲ್‌ನ ‘ವಾನ್ಯಾ ಆನ್ 42ನೇ ಸ್ಟ್ರೀಟ್’ (1994) ಇದಕ್ಕೆ ತೀರಾ ವಿರುದ್ಧ ದಾರಿ ಹಿಡಿಯುತ್ತದೆ. ನ್ಯೂಯಾರ್ಕಿನ ನ್ಯೂ ಆಮ್‌ಸ್ಟರ್‌ಡ್ಯಾಮ್ ಥಿಯೇಟರ್ ಆಗ ಪಾಳುಬಿದ್ದಿತ್ತು. ರಂಗನಿರ್ದೇಶಕ ಆಂದ್ರೆ ಗ್ರೆಗರಿಯ ತಂಡ ಅಲ್ಲಿ ನಿತ್ಯದ ಉಡುಪಿನಲ್ಲೇ ತಾಲೀಮು ನಡೆಸುತ್ತದೆ. ರಷ್ಯಾದ ಮನೆಯೂ ಇಲ್ಲ, ಚಹಾ ಕಾಯಿಸುವ ಸಮೋವಾರಿನ ವೈಭವವೂ ಇಲ್ಲ. ನಟರು ಬೀದಿಯಿಂದ ಬಂದು ಹರಟುತ್ತಾರೆ. ದಾದಿಯ ಪಾತ್ರದಾಕೆಯೂ ಡಾಕ್ಟರನ ಪಾತ್ರದವನೂ ಏನೋ ಮಾತಾಡುತ್ತಿರುತ್ತಾರೆ. ನಾಟಕ ಆಗಲೇ ಶುರುವಾಗಿದೆ ಎಂದು ನಮಗೆ ಹೊಳೆಯುವುದು ಸ್ವಲ್ಪ ತಡವಾಗಿ. ಆ ಹೊತ್ತಿಗೆ ನಾವು ಅವರನ್ನು ಪಾತ್ರಗಳೆಂದು ನೋಡುವುದನ್ನೇ ಬಿಟ್ಟಿರುತ್ತೇವೆ. ಈ ಗುಂಪು ವರ್ಷಗಟ್ಟಲೆ, ಬಿಟ್ಟು ಬಿಟ್ಟು, ಇದೇ ನಾಟಕದ ತಾಲೀಮು ಮಾಡಿತ್ತು. ಅದರ ಫಲ ಕೇಳಿಸಿಕೊಳ್ಳುವ ಮುಖಗಳಲ್ಲಿದೆ. ಜೂಲಿಯಾನ್ ಮೂರ್‌ಳ ಯೆಲೆನಾ ಸುಮ್ಮನಿದ್ದಾಗಲೇ ಹೆಚ್ಚು ಹೇಳುತ್ತಾಳೆ. ಸೋನ್ಯಾ ಆಗಿ ಬ್ರೂಕ್ ಸ್ಮಿತ್ ಆಸ್ತ್ರೋವ್‌ನ ಒಂದೊಂದು ಮಾತಿಗೂ ಅರಳಿ ಬಾಡುತ್ತಾಳೆ. ವಾಲೆಸ್ ಶಾನ್‌ನ ವಾನ್ಯಾನನ್ನು ಕಂಡು ನಗುತ್ತೇವೆ, ಮರುಕ್ಷಣ ಗಂಟಲು ಕಟ್ಟುತ್ತದೆ. ಡೇವಿಡ್ ಮ್ಯಾಮೆಟ್‌ನ ರೂಪಾಂತರದ ಚುರುಕು ಇಂಗ್ಲಿಷ್ ಕೆಲವರಿಗೆ ತೀರಾ ಅಮೆರಿಕನ್ ಅನ್ನಿಸಬಹುದು, ನನಗೆ ಅಡ್ಡಿಯಾಗಲಿಲ್ಲ.

ಆಂಥನಿ ಹಾಪ್ಕಿನ್ಸ್ ನಿರ್ದೇಶಿಸಿ ನಟಿಸಿದ ‘ಆಗಸ್ಟ್’ (1996) ಕಥೆಯನ್ನು ಉತ್ತರ ವೇಲ್ಸ್‌ಗೆ ಒಯ್ಯುತ್ತದೆ. ಪ್ರೊಫೆಸರ್ ಇಲ್ಲಿ ಇಂಗ್ಲೆಂಡಿನವನು, ಅವನಿಗಾಗಿ ದುಡಿದು ಸವೆದವರು ವೇಲ್ಸ್‌ನವರು. ಜಾಣತನದ ಆಯ್ಕೆ, ವಾನ್ಯಾನ ಸಿಟ್ಟಿಗೆ ಹೊಸ ಕಾರಣ ಕೊಡುತ್ತದೆ. ಆದರೆ ಕ್ಯಾಮೆರಾ ಪದೇ ಪದೇ ಬಯಲಿಗೆ ಬರುತ್ತದೆ, ಬೆಟ್ಟ ಆಕಾಶ ಚೆಲುವಾಗಿ ಕಾಣುತ್ತವೆ, ಒಳಗೆ ಬಿಗಿಯಬೇಕಾದ ಉಸಿರು ಸಲೀಸಾಗಿ ಹೊರಬಿದ್ದುಹೋಗುತ್ತದೆ. ‘ನಾಟಕದ ಹಾಗೆ ಕಾಣಬಾರದು’ ಎಂಬ ಭಯ ಇರುವವರು ಮೊದಲು ಮಾಡುವುದೇ ಈ ಬಯಲಿನ ಕೆಲಸ, ಚೆಕಾವ್‌ನಿಗೆ ಅದು ಒಗ್ಗುವುದಿಲ್ಲ.

ಜಪಾನಿನ ನಿರ್ದೇಶಕ ಹಮಗುಚಿಯ ‘ಡ್ರೈವ್ ಮೈ ಕಾರ್’ (2021) ನೇರ ರೂಪಾಂತರವಲ್ಲ. ಹಿರೋಶಿಮಾದಲ್ಲಿ ಹಲವು ಭಾಷೆಗಳ ನಟರು ಈ ನಾಟಕ ಕಟ್ಟುವುದು ಅದರ ಒಂದು ಎಳೆ. ಆದರೂ ಅದನ್ನು ಹೋಲಿಕೆಯಿಂದ ಬಿಡಲಾರೆ, ಕಾರಣ ಕೊನೆಯ ಮಾತು. ‘ನಾವು ವಿಶ್ರಮಿಸುತ್ತೇವೆ’ ಎಂದು ಸೋನ್ಯಾ ಮಾಮನನ್ನು ಸಂತೈಸುವ ಆ ಭಾಗವನ್ನು ಪಾರ್ಕ್ ಯು-ರಿಮ್ ಕೊರಿಯಾದ ಸಂಜ್ಞೆಭಾಷೆಯಲ್ಲಿ ಹೇಳುತ್ತಾಳೆ. ವಾನ್ಯಾನ ಹಿಂದೆ ನಿಂತು, ಅವನನ್ನು ಸುತ್ತುವರಿದ ಕೈಗಳಿಂದಲೇ, ಅವನ ಕಣ್ಣೆದುರಿಗೇ. ಹೇಳುವವಳೂ ಕೇಳುವವನೂ ಒಂದೇ ಕಡೆ ಮುಖ ಮಾಡಿ ಒಂದೇ ಚೌಕಟ್ಟಿನಲ್ಲಿದ್ದಾರೆ. ಇಲ್ಲಿ ಕ್ಯಾಮೆರಾ ಯಾರನ್ನೂ ಬಿಟ್ಟುಕೊಡಬೇಕಾಗಿಲ್ಲ. ಉಳಿದವರನ್ನೆಲ್ಲ ಕಾಡಿದ ಪ್ರಶ್ನೆಗೆ ನಾನು ಕಂಡ ಅತ್ಯುತ್ತಮ ಉತ್ತರ ಇದು.

ಇಡೀ ನಾಟಕದ ಲೆಕ್ಕಕ್ಕೆ ಬಂದರೆ ನನ್ನ ಮತ ಮಾಲ್‌ನ ಚಿತ್ರಕ್ಕೆ. ನಾಟಕ ಓದದವರು ಅಲ್ಲಿಂದಲೇ ಶುರುಮಾಡಲಿ, ಯಾರು ಯಾರಿಗೆ ಏನಾಗಬೇಕೆಂಬ ಗೊಂದಲ ಆಗುವುದಿಲ್ಲ. ಕೊಂಚಲೋವ್ಸ್ಕಿಯದನ್ನು ಎರಡನೆಯದಾಗಿ, ಸಾಧ್ಯವಾದಷ್ಟು ದೊಡ್ಡ ಪರದೆಯ ಮೇಲೆ ನೋಡಬೇಕು. ಫೋನಿನಲ್ಲಿ ಆ ಕತ್ತಲ ಕೋಣೆಗಳು ಬರೀ ಕಪ್ಪಾಗಿ ಕಾಣುತ್ತವೆ, ಹಿಂದಿನ ಬಾಗಿಲಲ್ಲಿ ನಿಂತವರು ತಪ್ಪಿಹೋಗುತ್ತಾರೆ.