ಅಜ್ಜಿಯ ಇಳಕಲ್ ಸೀರೆ: ಕತ್ತರಿಸಿ ಹೊಲಿಯೋದಾ, ಇಡಿಯಾಗಿ ಕೌದಿಗೆ ಹಾಸೋದಾ?

ನೆನಪಿನ ಬಟ್ಟೆ ಟ್ರಂಕಿನಲ್ಲಿದ್ದರೆ ಭದ್ರ ಅಂತ ತುಂಬಾ ಜನ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಡಚಿಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಜರಿ ಕಪ್ಪಾಗುತ್ತದೆ. ಹತ್ತಿ ಬಟ್ಟೆಗೆ ಹಳದಿ ಕಲೆ ಬೀಳುತ್ತದೆ. ಅದೇ ಸೀರೆ ಹೊದಿಕೆಯಾದರೆ ದಿನಾ ಕೈಗೆ ಸಿಗುತ್ತದೆ, ಅಲ್ವಾ?

ನಾವಿರುವುದು ಕೊಪ್ಪಳ ಜಿಲ್ಲೆಯ ಕುಷ್ಟಗಿಯಲ್ಲಿ. ಇಳಕಲ್ ಪಕ್ಕದಲ್ಲೇ ಇರುವುದರಿಂದ ಮನೆಯಲ್ಲಿ ಇಳಕಲ್ ಸೀರೆಗೆ ಬರವಿಲ್ಲ. ಜೊತೆಗೆ ಅಪ್ಪನ ಪಂಚೆ, ಶರ್ಟುಗಳು, ಉಡಿ ತುಂಬಿಸಿಕೊಂಡಾಗ ಬಂದ ಖಣಗಳ, ಅಂದರೆ ರವಿಕೆ ಬಟ್ಟೆಗಳ ದೊಡ್ಡ ಗಂಟು. ಇವುಗಳಲ್ಲಿ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿಯುವ ಕೌದಿ ಮಾಡಿದ್ದೇನೆ, ಮಷಿನ್ನಿನಲ್ಲಿ ಚೌಕ ಜೋಡಿಸಿ ರಜಾಯಿ ಮಾಡಿದ್ದೇನೆ, ಜೀನ್ಸ್ ತುಂಡುಗಳ ಹಾಸು ಮಾಡಿದ್ದೇನೆ, ಕೌದಿ ಹೊಲಿಯುವವರಿಗೆ ಕೊಟ್ಟೂ ಮಾಡಿಸಿದ್ದೇನೆ. ಎಲ್ಲವೂ ಮನೆಯಲ್ಲಿ ಬಳಕೆಯಲ್ಲಿವೆ, ಒಗೆತ ಕಂಡಿವೆ. ಹಾಗಾಗಿ ಯಾವುದು ಯಾವುದಕ್ಕೆ ಸರಿ ಅಂತ ಧೈರ್ಯವಾಗಿ ಹೇಳಬಲ್ಲೆ.

ಮೊದಲು ಕೌದಿ. ಇದರ ದೊಡ್ಡ ಗುಣ ಏನು ಗೊತ್ತಾ? ಸೀರೆಯನ್ನು ಚೂರು ಚೂರು ಮಾಡಬೇಕಿಲ್ಲ. ನಮ್ಮಜ್ಜಿ ಉಡುತ್ತಿದ್ದುದು 9 ಗಜದ ಸೀರೆ. ಅಂದರೆ 27 ಅಡಿ. ನಾಲ್ಕು ಸಮ ಭಾಗ ಮಾಡಿದರೆ ಒಂದೊಂದೂ ಆರೂಮುಕ್ಕಾಲು ಅಡಿ. ಎರಡೆರಡನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ದೊಡ್ಡ ಮಂಚಕ್ಕೆ ಆಗುವಂಥ ಎರಡು ಪದರ ಸಿಗುತ್ತವೆ. ಕತ್ತರಿ ಆಡುವುದು ಮೂರೇ ಕಡೆ. ಅಂಚೂ ಉಳಿಯುತ್ತದೆ, ಒಡಲೂ ಉಳಿಯುತ್ತದೆ. ಒಂದು ಪದರ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ನಡುವೆ ಅಪ್ಪನ ಪಂಚೆ, ಬಣ್ಣ ಹೋದ ಹತ್ತಿ ಸೀರೆಗಳು. ನಡುವೆ ಮೂರು ಪದರ ಹಾಕಿದರೆ ನಮ್ಮ ಕಡೆಯ ಚಳಿಗೆ ಸಾಕು. ಐದಾರು ಹಾಕಿದರೆ ಅದು ಹೊದೆಯುವುದಕ್ಕಿಂತ ಹಾಸುವುದಕ್ಕೇ ಚೆಂದ.

ಹೊಲಿಗೆಯೂ ಕಷ್ಟದ್ದಲ್ಲ, ತಾಳ್ಮೆಯದ್ದು. ನೆಲದ ಮೇಲೆ ಪದರಗಳನ್ನು ಬಿಗಿಯಾಗಿ ಹಾಸಿ, ನಾಲ್ಕೂ ಮೂಲೆಗೆ ಭಾರ ಇಟ್ಟು, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತಲೂ ಹೊಲಿಯುತ್ತಾ ಒಳಗೊಳಗೆ ಸಾಗಬೇಕು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಒಂದು ಬೆರಳು ಜಾಗ. ದಪ್ಪ ಹತ್ತಿ ದಾರವನ್ನು ಮೇಣದ ಬತ್ತಿಗೆ ಒಮ್ಮೆ ಉಜ್ಜಿಕೊಂಡರೆ ಗಂಟು ಬೀಳುವುದು ಕಡಿಮೆ. ಮೊದಲ ಒಗೆತದ ನಂತರ ಪ್ರತಿ ಸಾಲಿನ ನಡುವೆ ಬಟ್ಟೆ ಸ್ವಲ್ಪ ಉಬ್ಬಿ ಸುಕ್ಕಾಗುತ್ತದೆ. ಆಗಲೇ ಕೌದಿಗೆ ಅದರ ನಿಜವಾದ ಮೈ ಬರುವುದು. ಅಂಗೈಯಿಂದ ಸವರಿದರೆ ಸಾಲು ಸಾಲಾಗಿ ಹತ್ತುತ್ತದೆ. ನನಗೆ ಈ ಸುಖ ಬೇರೆ ಯಾವ ಹೊದಿಕೆಯಲ್ಲೂ ಸಿಕ್ಕಿಲ್ಲ.

ಹಳೆ ಸೀರೆ ಅಂದ ಮೇಲೆ ಕಲೆ, ತೂತು ಇದ್ದೇ ಇರುತ್ತವೆ. ಅಂಥ ಕಡೆ ನಾನು ಬೇರೆ ಬಟ್ಟೆಯ ತ್ರಿಕೋನವನ್ನೋ ಚೌಕವನ್ನೋ ಮೇಲೆ ಕೂರಿಸಿ ಎದ್ದು ಕಾಣುವ ಬಣ್ಣದ ದಾರದಲ್ಲಿ ಹೊಲಿಯುತ್ತೇನೆ. ಇದಕ್ಕೆ ಪ್ರೇರಣೆ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕೆಲಸ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಅವರು ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಅವರ ಕೈಯಲ್ಲಿ ತುಂಡು ಬಟ್ಟೆ ತೇಪೆಯ ಹಾಗೆ ಕಾಣುವುದೇ ಇಲ್ಲ, ಬೇಕಂತಲೇ ಇಟ್ಟ ಅಲಂಕಾರದ ಹಾಗೆ ಕಾಣುತ್ತದೆ.

ಇನ್ನು ಮಷಿನ್ ರಜಾಯಿ. ಬೇಗ ಆಗುತ್ತದೆ, ನೋಡಲಿಕ್ಕೂ ಅಚ್ಚುಕಟ್ಟು. ಆರೂವರೆ ಇಂಚಿನ ಚೌಕ ಕತ್ತರಿಸಿ, ಕಾಲಿಂಚು ಹೊಲಿಗೆಗೆ ಬಿಟ್ಟರೆ ಕೊನೆಗೆ ಆರಿಂಚಿನ ಚೌಕ ಉಳಿಯುತ್ತದೆ. 5 ಅಡಿಗೆ 7 ಅಡಿ ರಜಾಯಿಗೆ ಇಂಥ 140 ಚೌಕ ಬೇಕು. ಲೆಕ್ಕ ಹಾಕಿ ನೋಡಿ: ಬಟ್ಟೆಯ ಶೇಕಡ 15ರಷ್ಟು ಹೊಲಿಗೆಯ ಒಳಗೇ ಮುಚ್ಚಿಹೋಗುತ್ತದೆ. ಬರೀ ಶರ್ಟಿನ ಬಟ್ಟೆಯಾದರೆ ಇದು ದೊಡ್ಡ ಮಾತಲ್ಲ. ಇಳಕಲ್ ಸೀರೆಯಾದರೆ ಹೊಟ್ಟೆ ಉರಿಯುತ್ತದೆ. ಆರಿಂಚಿನ ಚೌಕದಲ್ಲಿ ಸೀರೆಯ ಗುರುತೇ ಸಿಗುವುದಿಲ್ಲ. ಅಂಚು ಒಂದು ಕಡೆ, ಸೆರಗು ಇನ್ನೊಂದು ಕಡೆ ಚೆದುರಿ ಹೋಗುತ್ತದೆ. ಇದು ಯಾರ ಸೀರೆ ಅಂತ ಮನೆಯವರೇ ಕೇಳಬೇಕಾಗುತ್ತದೆ.

ಆದರೆ ಅಪ್ಪನ ಶರ್ಟುಗಳಿಗೆ ಇದೇ ಸರಿಯಾದ ದಾರಿ. ಶರ್ಟು ಮೊದಲೇ ತುಂಡು ತುಂಡಾಗಿ ಹೊಲಿದಿದ್ದು, ಅದನ್ನು ಇಡಿಯಾಗಿ ಹಾಸಲು ಬರುವುದಿಲ್ಲ. ಬೆನ್ನಿನ ಭಾಗದಲ್ಲಿ ಒಳ್ಳೆಯ ಚೌಕಗಳು ಸಿಗುತ್ತವೆ. ಗೆರೆ ಶರ್ಟು, ಚೌಕಳಿ ಶರ್ಟು, ಬಿಳಿ ಶರ್ಟು ಬೆರೆಸಿದರೆ ಬಣ್ಣಗಳು ತಾವೇ ಹೊಂದಿಕೊಳ್ಳುತ್ತವೆ. ಜೇಬು ಇರುವ ತುಂಡನ್ನು ಜೇಬಿನ ಸಮೇತ ಕತ್ತರಿಸಿ. ನಮ್ಮ ರಜಾಯಿಯಲ್ಲಿ ಆ ಜೇಬು ಮೂಲೆಯಲ್ಲಿದೆ. ಅಮ್ಮ ಮಲಗುವ ಮುಂಚೆ ಕನ್ನಡಕ ಅದರಲ್ಲೇ ಇಡುತ್ತಾರೆ.

ಮಷಿನ್ನಿನ ಒಂದು ತೊಂದರೆ ಹೇಳಲೇಬೇಕು. ಮನೆಯ ಮಷಿನ್ನಿನಲ್ಲಿ ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿದು ನೆರಿಗೆ ಕಟ್ಟುತ್ತದೆ. ಮೇಲಿನ ಪದರವನ್ನೂ ಜೊತೆಗೇ ಮುಂದೆ ಎಳೆಯುವ ವಾಕಿಂಗ್ ಫೂಟ್ ಹಾಕಿದರೆ ಇದು ಮುಕ್ಕಾಲು ಪಾಲು ಸರಿಹೋಗುತ್ತದೆ. ಹೊಲಿಗೆಯನ್ನು 3 ಮಿಲಿಮೀಟರ್‌ಗೆ ಇಟ್ಟುಕೊಳ್ಳಿ, ಸೂಜಿ 14ನೇ ನಂಬರಿನದು ಹಾಕಿ.

ಒಳಗೆ ಏನು ತುಂಬಬೇಕು ಅನ್ನುವುದರಲ್ಲೂ ವ್ಯತ್ಯಾಸ ದೊಡ್ಡದು. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಶೀಟ್ ಹಗುರ, ಬೇಗ ಒಣಗುತ್ತದೆ. ಆದರೆ ಕೊಪ್ಪಳ, ರಾಯಚೂರು ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಇಲ್ಲಿ ಪಾಲಿಯೆಸ್ಟರ್ ತುಂಬಿದ ರಜಾಯಿ ವರ್ಷದ ಬಹುಪಾಲು ಕಪಾಟಿನಲ್ಲೇ ಇರಬೇಕಾಗುತ್ತದೆ. ಗಾದಿಗೆ ತುಂಬುವ ಹತ್ತಿ ತಂಪು, ಒಪ್ಪುತ್ತೇನೆ. ಆದರೆ ಒಗೆದರೆ ಉಂಡೆ ಕಟ್ಟುತ್ತದೆ, ತುಂಬಾ ಒತ್ತೊತ್ತಾಗಿ ಹೊಲಿಯದಿದ್ದರೆ ಒಂದು ಮೂಲೆಗೆ ಸರಿಯುತ್ತದೆ. ಹಳೆ ಪಂಚೆ, ಹಳೆ ಸೀರೆಗಳು ಈ ಎರಡನ್ನೂ ಸೋಲಿಸುತ್ತವೆ. ಬೆವರು ಹೀರುತ್ತವೆ, ಸರಿಯುವುದಿಲ್ಲ, ಕುಗ್ಗುವುದಿಲ್ಲ. ಎಷ್ಟೋ ವರ್ಷ ಒಗೆಸಿಕೊಂಡು ಕುಗ್ಗಬೇಕಾದಷ್ಟು ಕುಗ್ಗಿಯೇ ಬಂದಿರುತ್ತವಲ್ಲ. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಹಾಸಿ ಮಲಗಲು ನಮ್ಮ ಮನೆಯಲ್ಲಿ ಎಲ್ಲರೂ ಕೇಳುವುದು ಕೌದಿಯನ್ನೇ. ತೊಂದರೆ ಒಂದೇ, ನೆಂದರೆ ಬಲು ಭಾರ. ಹಿಂಡಲು ಇಬ್ಬರು ಬೇಕು.

ಜೀನ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬೇಕಾದಷ್ಟಿವೆ, ಹಾಗಾಗಿ ತುಂಡು ಬಟ್ಟೆ ಸಿಗುವುದು ಕಷ್ಟವಲ್ಲ. ಅದಕ್ಕೆ ಮಕ್ಕಳ ಹಳೆ ಪ್ಯಾಂಟು ಬೆರೆಸಿದರೆ ಕೂರುವ ಹಾಸು, ಸಂತೆ ಚೀಲ ಚೆನ್ನಾಗಿ ಆಗುತ್ತವೆ. ಹೊದಿಕೆಗೆ ಮಾತ್ರ ಬೇಡ, ಭಾರ. ನಾಲ್ಕು ಮೂಲೆ ಕೂಡುವಲ್ಲಿ ದಪ್ಪವಾಗಿ ಸಣ್ಣ ಸೂಜಿ ಮುರಿಯುತ್ತದೆ, 16 ಅಥವಾ 18ನೇ ನಂಬರಿನದು ಬೇಕು. ಹೊಲಿಗೆಯ ಅಂಚನ್ನು ಮೇಲ್ಮುಖವಾಗಿ ಬಿಟ್ಟು ಅಲ್ಲಲ್ಲಿ ಕತ್ತರಿಸಿದರೆ ಒಗೆದ ಮೇಲೆ ಕುಚ್ಚಿನ ಹಾಗೆ ಅರಳುತ್ತದೆ, ದಪ್ಪವೂ ಕಡಿಮೆಯಾಗುತ್ತದೆ.

ಹೊಲಿಯಲು ಸಮಯವಿಲ್ಲದವರು ಕೌದಿ ಹೊಲಿಯುವ ಅಕ್ಕಂದಿರಿಗೆ ಕೊಡಬಹುದು. ಅವರ ಕೈ ನನ್ನ ಕೈಗಿಂತ ಎಷ್ಟೋ ಪಾಲು ಚುರುಕು, ಸಾಲುಗಳೂ ಅಳೆದಿಟ್ಟಂತೆ ನೇರ. ನಮ್ಮ ಓಣಿಗೆ ಬರುವ ಅಕ್ಕನ ಹತ್ತಿರ ನಾನು ಸೀರೆಯನ್ನು ಪಟ್ಟಿ ಪಟ್ಟಿ ಮಾಡಿಕೊಡಲಾ ಅಂತ ಕೇಳಿದ್ದೆ. "ಬ್ಯಾಡ್ರಿ ಅಕ್ಕಾರ, ಇಷ್ಟ್ ಗಟ್ಟಿ ಸೀರಿ ಹರದ್ರ ಏನ್ ಬಂತು? ಇಡಿಯಾಗೇ ಹಾಸೂಣು" ಅಂದರು. ಅಂಚನ್ನು ಸುತ್ತಲೂ ಚೌಕಟ್ಟಿನಂತೆ ತಿರುಗಿಸಿ ಕೂರಿಸುವ ಉಪಾಯವೂ ಅವರದ್ದೇ. ಒಂದು ಮಾತು: ಯಾವ ಬಟ್ಟೆ ಮೇಲೆ ಕಾಣಬೇಕು, ಯಾವುದು ಒಳಗೆ ಹೋಗಬೇಕು ಅಂತ ಪಿನ್ನು ಹಾಕಿ, ಎದುರಿಗೇ ಹೇಳಿ ಕೊಡಿ. ನಿಮಗೆ ಅದು ಅಮ್ಮನ ಸೀಮಂತದ ಸೀರೆ. ಹೊಲಿಯುವವರಿಗೆ ಅದು ಹೇಗೆ ಗೊತ್ತಾಗಬೇಕು?

ಸಣ್ಣ ಕೆಲಸಗಳ ಮಾತಿಗೆ ಬಂದರೆ ಮಷಿನ್ನಿಗೇ ನನ್ನ ಓಟು. ಮತ್ತು ಬಟ್ಟೆಗಳಲ್ಲಿ ಖಣಕ್ಕೆ. ಗುಳೇದಗುಡ್ಡದ ಖಣ ಪ್ರತಿ ಮನೆಯಲ್ಲೂ ಉಡಿ ತುಂಬಿದ್ದು, ಬಾಗಿನದ್ದು ಅಂತ ಹೊಲಿಸದೆ ಉಳಿದಿರುತ್ತದೆ. ಒಂದೊಂದೂ ಒಬ್ಬೊಬ್ಬರು ಕೊಟ್ಟಿದ್ದು. ಸೋದರತ್ತೆ ಕೊಟ್ಟ ಹಸಿರು, ಗೆಳತಿಯ ಅವ್ವ ಕೊಟ್ಟ ಕೆಂಪು. ಎರಡು ಖಣ ಸೇರಿಸಿ, ಒಳಗೆ ಹಳೆ ಪಂಚೆಯ ಒಂದು ಪದರ ಕೊಟ್ಟು ನಾಲ್ಕು ಸಾಲು ಹೊಲಿಗೆ ಹಾಕಿದರೆ ದಿಂಬಿನ ಕವರಿಗೆ ಬೇಕಾದ ಗಟ್ಟಿತನ ಬರುತ್ತದೆ. ಮೈ ನುಣುಪು, ಬಣ್ಣ ಹೊಳೆಯುವಂಥದ್ದು, ಅಗಲ ಕಡಿಮೆಯಾದ್ದರಿಂದ ಹಾಳಾಗುವ ತುಂಡೂ ಕಡಿಮೆ. ಮಗುವಿನ ತಲೆ, ಬೆನ್ನು ಮುಚ್ಚುವ ಕುಂಚಿಗೆಗೂ ಹೊರಗೆ ಖಣ ಹಾಕಿ. ಒಳಗೆ ಮಾತ್ರ ಬಳಸಿ ಮೆತ್ತಗಾದ ಹತ್ತಿ ಸೀರೆಯೇ ಇರಲಿ.

ಇಳಕಲ್ ಸೆರಗಿಗೂ ನಾನು ಕಂಡುಕೊಂಡ ಜಾಗ ದಿಂಬಿನ ಕವರೇ. ಇಳಕಲ್ ಸೆರಗಿನ ಟೋಪಿ ತೆನೆ ಅನ್ನುವ ವಿನ್ಯಾಸದ ಕೆಂಪು ಬಿಳಿ ಸಾಲು 16 ಇಂಚಿನ ದಿಂಬಿನ ನಡುವೆ ನೇರವಾಗಿ ಕೂರುತ್ತದೆ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸಿದ ಗೆರೆ ಇರುತ್ತದಲ್ಲ, ಅದು ಕಾಣುವ ಹಾಗೆ ಕತ್ತರಿಸಿ. ಆ ಗೆರೆ ಇದ್ದರೇ ಇಳಕಲ್ ಅಂತ ಗೊತ್ತಾಗುವುದು. ಕತ್ತರಿಸುವ ಮುಂಚೆ ಸೆರಗನ್ನು ಬೆಳಕಿಗೆ ಹಿಡಿದು ನೋಡಿ. ಮಡಿಕೆಯಲ್ಲಿ ಸಣ್ಣ ಬೆಳಕಿನ ಗೆರೆ ಕಂಡರೆ ರೇಷ್ಮೆ ಸೋತಿದೆ ಅಂತ ಅರ್ಥ. ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ಕೈಯಲ್ಲಿ ಹೊಲಿದುಕೊಂಡರೆ ಮಾತ್ರ ಅದು ಬಾಳುತ್ತದೆ.

ಬಿಸಿ ಪಾತ್ರೆ ಇಳಿಸುವ ಅರಿವೆಗೆ ಜೀನ್ಸ್ ಮತ್ತು ಹತ್ತಿ ಮಾತ್ರ. ಪಾಲಿಯೆಸ್ಟರ್ ಸೀರೆ ಎಷ್ಟೇ ಇಷ್ಟದ್ದಿರಲಿ, ಒಲೆಯ ಹತ್ತಿರ ಬೇಡ. ಕರಗಿ ಕೈಗೆ ಅಂಟುತ್ತದೆ.

ಕೆಂಪು ಸೆರಗನ್ನು ಬಿಳಿ ಪಂಚೆಯ ಜೊತೆ ಸೇರಿಸುವ ಯೋಚನೆಯಿದ್ದರೆ ಒದ್ದೆ ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿಗೆ ಕೆಂಪು ಹತ್ತಿದರೆ ಅವೆರಡನ್ನು ಒಂದೇ ಕೌದಿಗೆ ಹಾಕಬೇಡಿ. ಒಗೆಯುವಾಗ ತಣ್ಣೀರು, ಅಂಟವಾಳದ ನೊರೆ ಸಾಕು. ಬ್ರಷ್ ಹಾಕಬೇಡಿ, ಬಂಡೆಗೆ ಬಡಿಯಬೇಡಿ. ಒಣಗಿಸುವಾಗ ಒಂದೇ ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಎರಡು ಹಗ್ಗದ ಮೇಲೆ ಅಗಲವಾಗಿ ಹರವಿ, ಒಳಮೈ ಬಿಸಿಲಿಗೆ ಬರುವಂತೆ ಹಾಕಿ.