ಅಡ್ವಾನ್ಸ್ ಡೈರೆಕ್ಟಿವ್ ತಿದ್ದಿಸೋ ಸರ್ವಿಸ್: ಮಾತುಕತೆಗೆ ಫುಲ್ ಮಾರ್ಕ್ಸ್, ಪೇಪರ್ ಕೆಲಸಕ್ಕೆ ಅರ್ಧ

5ಕ್ಕೆ 4 ಸ್ಟಾರ್. ದೊಡ್ಡಪ್ಪನ ಅಡ್ವಾನ್ಸ್ ಡೈರೆಕ್ಟಿವ್ ಹೊಸದಾಗಿ ಬರೆಸೋಕೆ ಈ ಸರ್ವಿಸ್ ತಗೊಂಡ್ವಿ. ಗೊತ್ತಿಲ್ದೋರಿಗೆ, ನಮಗೆ ಮಾತಾಡೋ ಸ್ಥಿತಿ ಇಲ್ದಾಗ ಯಾವ ಟ್ರೀಟ್‌ಮೆಂಟ್ ಬೇಕು ಯಾವುದು ಬೇಡ, ನಮ್ಮ ಪರವಾಗಿ ಯಾರು ಹೇಳ್ಬೇಕು ಅಂತ ಮೊದಲೇ ಬರೆದಿಡೋ ಪತ್ರ ಅದು. ಅವರದ್ದು ಹಳೇದೊಂದು ಇತ್ತು, ಆದ್ರೆ ಅದ್ರಲ್ಲಿ ಪರವಾಗಿ ಮಾತಾಡೋಕೆ ಅಂತ ಹಾಕಿದ್ದು ದೊಡ್ಡಮ್ಮನ ಹೆಸರು, ಅವರೇ ಈಗಿಲ್ಲ. ಸಾಲದ್ದಕ್ಕೆ ‘ಡಯಾಲಿಸಿಸ್ ಯಾವ ಕಾರಣಕ್ಕೂ ಬೇಡ’ ಅಂತ ಬರೆದು ಅಡಿಗೆರೆ ಬೇರೆ ಎಳೆದಿದ್ರು, ಈಗ ನೋಡಿದ್ರೆ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿ ಬಂದು ಪದಬಂಧ ತುಂಬಿಸ್ತಾ ಕೂರ್ತಾರೆ, ಕೇಳಿದ್ರೆ ಆರಾಮಾಗಿದೀನಲ್ಲಪ್ಪ ಅಂತಾರೆ.

ಮನೇಲಿ ಎಲ್ರೂ ಇದನ್ನೇ ಹಿಡ್ಕೊಂಡು ರೇಗಿಸ್ತಿದ್ವಿ. ಕೌನ್ಸೆಲರ್ ಮೇಡಂ ನಗಲಿಲ್ಲ. ಗಟ್ಟಿಮುಟ್ಟಾಗಿದ್ದಾಗ ಅಂಥ ಬದುಕು ನನಗೆ ಬೇಡ ಅನ್ನೋರು, ಅದೇ ಬದುಕು ಬಂದ್ಮೇಲೆ ಒಗ್ಗಿಕೊಂಡು ಇನ್ನೂ ಇರ್ಬೇಕು ಅನ್ನೋದು ಮಾಮೂಲಿ ಸರ್ ಅಂದ್ರು. ಇದರ ಉಲ್ಟಾನೂ ಉಂಟಂತೆ, ಎಲ್ಲಾ ಮಾಡಿ ಅಂತ ಬರೆದೋರು ಹತ್ತಿರದವರನ್ನ ವಾರಗಟ್ಟಲೆ ವೆಂಟಿಲೇಟರ್ ಮೇಲೆ ನೋಡಿ ಬಂದು ಅರ್ಧಕ್ಕರ್ಧ ಹೊಡೆದುಹಾಕ್ತಾರೆ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಬದುಕಿಸೋಕೆ ನೋಡೋದು) ಅಂದ್ರೆ ಏನು ಅಂತ ಸರಿಯಾಗಿ ಗೊತ್ತಾದ್ಮೇಲೆ ಬದಲಾಯಿಸೋರೂ ಇದಾರೆ. ಟಿವಿ ನೋಡಿ ಕಲಿತಿದ್ದಲ್ವಾ ನಾವೆಲ್ಲ, 1996ರಲ್ಲಿ ಅಮೆರಿಕದಲ್ಲಿ ಡಾಕ್ಟರ್‌ಗಳು ಮೂರು ಟಿವಿ ಶೋ ನೋಡಿ ಲೆಕ್ಕ ಹಾಕಿದಾಗ ಸಿಪಿಆರ್ ಮಾಡಿಸಿಕೊಂಡ ನೂರರಲ್ಲಿ 75 ಜನ ಆ ಕ್ಷಣಕ್ಕೆ ಬದುಕಿಬಿಟ್ಟಿದ್ರಂತೆ, ನಿಜವಾದ ಆಸ್ಪತ್ರೆಲಿ ಅಷ್ಟೆಲ್ಲ ಎಲ್ಲಿ ಬರ್ಬೇಕು, ವಯಸ್ಸಾದೋರಿಗೆ ಎದೆ ಒತ್ತೋವಾಗ ಪಕ್ಕೆಲುಬು ಮುರಿಯೋದೂ ಇದೆ.

ನನಗೆ ತುಂಬಾ ಹಿಡಿಸಿದ್ದು ಟಿಕ್ ಹಾಕಿಸದೇ ಕೇಳಿದ ರೀತಿ. ಡಯಾಲಿಸಿಸ್ ಲೈನ್ ಮೇಲೆ ಪೆನ್ ಇಟ್ಟು “ಬೇಡ ಅಂದ್ರೆ ಯಾವತ್ತೂ ಬೇಡ್ವಾ ಸರ್, ಇಲ್ಲಾ ಮತ್ತೆ ಎದ್ದು ಕೂರೋ ಚಾನ್ಸೇ ಇಲ್ಲ ಅಂದಾಗ ಬೇಡ್ವಾ?” ಅಂದ್ರು. ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸಿ “ನಮ್ಮೋರು ಯಾರು ಅಂತ ಗುರುತೇ ಸಿಗದೇ ಹೋದ್ರೆ ನಿಲ್ಲಿಸಿಬಿಡಿಮ್ಮ, ಅಲ್ಲೀವರೆಗೆ ನಡೀಲಿ” ಅಂದ್ರು. ಅದು ಹೆಚ್ಚುಕಮ್ಮಿ ಹಾಗೇ ಹೊಸ ಪತ್ರದಲ್ಲಿ ಬಂದಿದೆ. ವೆಂಟಿಲೇಟರ್‌ಗೂ ಅಷ್ಟೇ, ಬೇಕು/ಬೇಡ ಅಲ್ಲ, ಕೆಲವು ದಿನ ಹಾಕಿ ನೋಡಿ, ಚೇತರಿಕೆ ಇಲ್ಲಾಂದ್ರೆ ತೆಗೀರಿ ಅಂತ. ಐಸಿಯು ಡಾಕ್ಟರ್‌ಗೆ ಬರೀ ‘ಬೇಡ’ಕ್ಕಿಂತ ಇಂಥ ಮಾತು ಉಪಯೋಗಕ್ಕೆ ಬರುತ್ತೆ ಅನ್ಸುತ್ತೆ ನನಗೆ.

ಇನ್ನೊಂದು, ಆಸ್ಪತ್ರೆಯಿಂದ ಈಗಷ್ಟೇ ಡಿಸ್ಚಾರ್ಜ್ ಆಗಿದ್ರೆ ಕೆಲವು ತಿಂಗಳು ಬಿಟ್ಟು ಬನ್ನಿ, ಅರ್ಜೆಂಟ್ ಇದ್ರೆ ಮಾತ್ರ ಈಗ ಅಂತಾರೆ. ಕಸ್ಟಮರನ್ನೇ ವಾಪಸ್ ಕಳಿಸ್ತಾರಲ್ಲ ಅನ್ನಿಸ್ತು, ಆದ್ರೆ ಕಾರಣ ಸರಿಯಾಗೇ ಇದೆ. ಅಡ್ಮಿಟ್ ಆಗಿ ಬಂದ ಹೊಸದರಲ್ಲಿ ಜನ ಇನ್ನೇನೂ ಬೇಡ ಅನ್ನೋದು ಜಾಸ್ತಿ, ಕೆಲವು ತಿಂಗಳಾದ್ಮೇಲೆ ಸುಮಾರಾಗಿ ಮೊದಲಿನ ಮನಸ್ಸಿಗೇ ಬರ್ತಾರೆ ಅಂತ ಸ್ಟಡಿ ಇದೆ. ಹಾಗಂತ ವರ್ಷಗಟ್ಟಲೆ ಮುಂದೂಡೋ ಹಾಗೂ ಇಲ್ಲ, ಮರೆವು ಜಾಸ್ತಿಯಾಗಿ ತಿಳಿದು ನಿರ್ಧಾರ ಮಾಡೋ ಶಕ್ತಿ ಹೋದ್ಮೇಲೆ ತಿದ್ದೋಕಾಗಲ್ಲ. ಹತ್ತು ವರ್ಷಕ್ಕೊಮ್ಮೆ, ಹತ್ತಿರದವರು ತೀರಿಕೊಂಡಾಗ, ಡೈವೋರ್ಸ್ ಆದಾಗ, ದೊಡ್ಡ ಕಾಯಿಲೆ ಗೊತ್ತಾದಾಗ, ಆರೋಗ್ಯ ಇಳಿತಾ ಬಂದಾಗ ತೆಗೆದು ಓದಿ ಅಂತ ಒಂದು ಚೀಟಿ ಕೊಡ್ತಾರೆ. ಡೈವೋರ್ಸ್ ಆದ್ಮೇಲೂ ಪತ್ರದಲ್ಲಿ ಹಳೇ ಗಂಡನ ಹೆಸರೇ ಇದ್ರೆ ಏನು ಫಜೀತಿ ಅಂತ ನೀವೇ ಯೋಚ್ನೆ ಮಾಡಿ.

ಒಂದು ಸ್ಟಾರ್ ಕಟ್ ಮಾಡಿದ್ದು ಹಳೇ ಕಾಪಿಗಳ ವಿಷಯಕ್ಕೆ. ಹೊಸದು ಸೈನ್ ಆಯ್ತು, ಪಿಡಿಎಫ್ ಮೇಲ್ ಬಂತು, ಮುಗೀತು ಅಂದ್ರು. ಅಲ್ಲ ಸ್ವಾಮಿ, ಹಳೇದು ಆಸ್ಪತ್ರೆ ಫೈಲಲ್ಲಿ, ಫ್ಯಾಮಿಲಿ ಡಾಕ್ಟರ್ ಹತ್ರ, ನಮ್ಮಣ್ಣನ ಫೋನಲ್ಲಿ ಎಲ್ಲಾ ಕಡೆ ಕೂತಿದೆಯಲ್ಲ! ರಾತ್ರಿ ಎಮರ್ಜೆನ್ಸಿಗೆ ಹೋದಾಗ ಆ ‘ಡಯಾಲಿಸಿಸ್ ಬೇಡ’ ಪತ್ರವೇ ಕೈಗೆ ಸಿಕ್ಕಿದ್ರೆ? ಯಾರ್ಯಾರಿಗೆ ಕಾಪಿ ಹೋಗಿದೆ ಅಂತ ಬರ್ಕೊಳ್ಳೋಕೆ ಫಾರ್ಮ್‌ನಲ್ಲಿ ಒಂದು ಕಾಲಂ ಕೂಡ ಇಲ್ಲ. ನಾವೇ ಎಲ್ಲಾ ಕಡೆ ಹೋಗಿ ಹಳೇದು ತೆಗೆಸಿ ಹೊಸದು ಹಾಕಿಸಿದ್ವಿ, ನೀವು ಬರೆಸಿದ್ರೂ ಆ ಓಡಾಟ ನಿಮ್ಮದೇ, ಹೊಸ ಪತ್ರದ ಮೇಲೆ ತಾರೀಖು ದೊಡ್ಡದಾಗಿ ಹಾಕಿಸ್ಕೊಳ್ಳಿ.