200-500 ಜೂಮ್‌ನಿಂದ 500 ಪ್ರೈಮ್‌ಗೆ: ಐದು ವರ್ಷದ ಬಳಕೆ

ನಿಕಾನ್ 200-500 ಎಂಎಂ ಎಫ್/5.6 ಜೂಮ್ ಲೆನ್ಸ್ ಅನ್ನು ಮೂರು ವರ್ಷ ಬಳಸಿದೆ. ಎರಡು ವರ್ಷದಿಂದ ಕೈಯಲ್ಲಿರುವುದು 500 ಎಂಎಂ ಎಫ್/5.6 ಪಿಎಫ್ ಪ್ರೈಮ್. ಪ್ರೈಮ್ ಅಂದರೆ ಜೂಮ್ ಆಗದ ಲೆನ್ಸ್; ಪಿಎಫ್ ಅಂದರೆ ಲೆನ್ಸ್ ಹಗುರವಾಗಲೆಂದು ಒಳಗೆ ಹಾಕುವ ವಿಶೇಷ ಗಾಜು. ನಾನು ತೆಗೆಯುವುದು ಹಕ್ಕಿಗಳ ಫೋಟೊ. ಹೆಚ್ಚಾಗಿ ನಡೆಯುತ್ತಾ, ಟ್ರೈಪಾಡ್ ಇಲ್ಲದೆ.

ಪ್ರೈಮ್ ಅಂದರೆ ಬೆಳಕು ಜಾಸ್ತಿ ಸಿಗುತ್ತದೆ ಅಂತ ಹಲವರು ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಿಲ್ಲ. ಎರಡೂ ಎಫ್/5.6, ಅಂದರೆ ಎರಡೂ ಒಳಬಿಡುವ ಬೆಳಕು ಒಂದೇ. ಸಂಜೆಯಾದರೆ ಎರಡರಲ್ಲೂ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ) ಏರಿಸಲೇಬೇಕು. ದೊಡ್ಡ ವ್ಯತ್ಯಾಸ ಇರುವುದು ತೂಕದಲ್ಲಿ. ಜೂಮ್ 2300 ಗ್ರಾಂ, ಪ್ರೈಮ್ 1460 ಗ್ರಾಂ.

ಈ 840 ಗ್ರಾಂ ಬ್ಯಾಗಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಕ್ಯಾಮೆರಾ ಕಣ್ಣಿಗಿಟ್ಟು ಕಾಯುವಾಗ ಗೊತ್ತಾಗುತ್ತದೆ. ಮಿಂಚುಳ್ಳಿ ಕೊಂಬೆ ಮೇಲೆ ಕೂತಿದೆ. ಯಾವ ಕ್ಷಣದಲ್ಲಾದರೂ ನೀರಿಗೆ ಧುಮುಕಬಹುದು. ಜೂಮ್ ಹಿಡಿದು ಒಂದೆರಡು ನಿಮಿಷಕ್ಕೆ ನನ್ನ ತೋಳು ಸೋಲುತ್ತಿತ್ತು, ಕೆಳಗಿಳಿಸುತ್ತಿದ್ದೆ. ಅದು ಧುಮುಕುತ್ತಿದ್ದದ್ದೂ ಆಗಲೇ! 500ಕ್ಕೆ ತಿರುಗಿಸಿದರೆ ಜೂಮ್‌ನ ಮೂತಿ ಮುಂದಕ್ಕೆ ಚಾಚುತ್ತದೆ, ಭಾರವೂ ಮುಂದಕ್ಕೆ ಹೋಗುತ್ತದೆ. ಪ್ರೈಮ್‌ನ ಉದ್ದ ಬದಲಾಗುವುದಿಲ್ಲ. ಈಗ ಹಕ್ಕಿ ಹಾರುವ ಹೊತ್ತಿಗೆ ಲೆನ್ಸ್ ಕಣ್ಣಿನ ಮುಂದೆಯೇ ಇರುತ್ತದೆ. ಹಾರುವ ಹಕ್ಕಿಯ ಒಳ್ಳೆ ಚಿತ್ರಗಳು ನನಗೆ ಜಾಸ್ತಿ ಸಿಕ್ಕಿದ್ದು ಇದರಿಂದಲೇ. ಲೆನ್ಸಿನ ಶಾರ್ಪ್‌ನೆಸ್ ಎಲ್ಲ ಆಮೇಲಿನ ಮಾತು.

ಆದರೆ ಪ್ರೈಮ್ ರೂಢಿಯಾಗಲು ನನಗೆ ಎರಡು ತಿಂಗಳೇ ಬೇಕಾಯಿತು. ಜೂಮ್‌ನಲ್ಲಿ 200ರಲ್ಲಿ ಹಕ್ಕಿಯನ್ನು ಹುಡುಕಿ, ಆಮೇಲೆ ಹತ್ತಿರ ಎಳೆಯಬಹುದು. ಪ್ರೈಮ್‌ನಲ್ಲಿ ನೇರ 500. ಎಲೆಗಳ ನಡುವೆ ಹಕ್ಕಿ ಎಲ್ಲಿ ಹೋಯಿತು ಅಂತಲೇ ತಿಳಿಯುವುದಿಲ್ಲ. ಹಕ್ಕಿಯಿಂದ ಕಣ್ಣು ತೆಗೆಯದೆ ಕ್ಯಾಮೆರಾವನ್ನೇ ಕಣ್ಣಿನ ದಾರಿಗೆ ತರುವುದನ್ನು ಕಲಿಯಬೇಕು. ಒಮ್ಮೆ ಜಿಂಕೆಯೊಂದು ಹತ್ತೇ ಹೆಜ್ಜೆ ದೂರಕ್ಕೆ ಬಂತು. ಎಷ್ಟು ಚೆನ್ನಾಗಿ ನಿಂತಿತ್ತು! ನನಗೆ ಸಿಕ್ಕಿದ್ದು ಬರೀ ಮುಖ. ಇನ್ನು ಚಿಟ್ಟೆ ತೆಗೆಯುವವರಿಗೆ ಜೂಮೇ ಅನುಕೂಲ. ಅದು 2.2 ಮೀಟರ್‌ನಿಂದಲೇ ಫೋಕಸ್ ಮಾಡುತ್ತದೆ, ಪ್ರೈಮ್‌ಗೆ 3 ಮೀಟರ್ ಬೇಕು. ಪಿಎಫ್ ಗಾಜಿನ ಇನ್ನೊಂದು ಗುಣವೂ ಗೊತ್ತಿರಲಿ. ಫ್ರೇಮಿನೊಳಗೆ ಅಥವಾ ಅಂಚಿನಲ್ಲಿ ಜೋರು ಬೆಳಕಿದ್ದರೆ ಬಣ್ಣದ ಉಂಗುರದಂಥ ಫ್ಲೇರ್ ಬರಬಹುದು.

ಜೂಮ್ ಮಾರಿಲ್ಲ. ಒಂದೇ ಕಡೆ ಕೂತು, ಟ್ರೈಪಾಡ್ ಮೇಲಿಟ್ಟು ಪ್ರಾಣಿಗಳಿಗೆ ಕಾಯುವ ದಿನ ಅದನ್ನೇ ಒಯ್ಯುತ್ತೇನೆ. ನಡೆಯುವ ದಿನ ಪ್ರೈಮ್. ಒಂದನ್ನೇ ಕೊಳ್ಳುವುದಾದರೆ, ಅಂಗಡಿಯಲ್ಲಿ ಎರಡನ್ನೂ ನಿಮ್ಮ ಕ್ಯಾಮೆರಾಗೆ ಹಾಕಿಸಿ. ಜೂಮ್ ಅನ್ನು 500ಕ್ಕೆ ತಿರುಗಿಸಿಯೇ ಹಿಡಿಯಿರಿ. ಒಂದೊಂದನ್ನೂ ಮೂರು ನಿಮಿಷ ಕಣ್ಣಿಂದ ಇಳಿಸಬೇಡಿ.